ಕುರಿ ಮೇಯುವ ರಾಜಮಾರ್ಗ

ಬಿಗ್ನರ್ ಗುಡ್ಡದ ನೆತ್ತಿಯಲ್ಲಿ ಮರದ ಒಂದು ಕೈಕಂಬವಿದೆ. ಅದರ ಒಂದು ಕೈ ಈಶಾನ್ಯಕ್ಕೆ ಚಾಚಿ ‘ಲೊಂಡಿನಿಯಂ’ ಎನ್ನುತ್ತದೆ, ಇನ್ನೊಂದು ನೈಋತ್ಯಕ್ಕೆ ಚಾಚಿ ‘ನೋವಿಯೋಮಾಗಸ್’ ಎನ್ನುತ್ತದೆ. ರೋಮನ್ನರ ಕಾಲದಲ್ಲಿ ಲಂಡನ್ನಿಗೂ ಚಿಚೆಸ್ಟರಿಗೂ ಇದ್ದ ಹೆಸರುಗಳಿವು. ಕಂಬ ಈಚಿನದು. ಅದು ತೋರಿಸುವ ದಾರಿ ಮಾತ್ರ ಹತ್ತೊಂಬತ್ತು ಶತಮಾನಗಳಷ್ಟು ಹಳೆಯದು.

ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಸೋದರಳಿಯನ ಜೊತೆ ಅಲ್ಲಿಗೆ ಹೋಗಿದ್ದೆ. ಆತ ಇಂಗ್ಲೆಂಡಿನಲ್ಲಿ ಓದುತ್ತಿದ್ದಾನೆ. ರೋಮನ್ ರಸ್ತೆ ಎಂದರೆ ನನ್ನ ಕಣ್ಣಿಗೆ ಕಟ್ಟಿದ್ದು ಪಠ್ಯಪುಸ್ತಕದ ಚಿತ್ರ: ದೊಡ್ಡ ದೊಡ್ಡ ಕಪ್ಪು ಚಪ್ಪಡಿಗಳು, ಮೇಲೆ ರಥದ ಗಾಲಿ ಕೊರೆದ ಗೀರುಗಳು. ಕೈಕಂಬದ ಬಳಿ ನಿಂತು ಸುತ್ತ ಹುಡುಕಿದರೆ ಒಂದು ಚಪ್ಪಡಿಯೂ ಇಲ್ಲ. ಹುಲ್ಲು, ಮಂಜಿನ ಹನಿ, ದೂರದಲ್ಲಿ ಕುರಿಗಳು. ಸ್ವಲ್ಪ ದೂರ ನಡೆದ ಮೇಲೆ ಹುಡುಗನೇ ಮೊದಲು ಗುರುತಿಸಿದ: “ಮಾಮ, ನಾವು ನಿಂತಿರೋದೇ ರಸ್ತೆ ಮೇಲೆ. ನೋಡಿ, ನಮ್ಮೂರ ಕೆರೆ ಏರಿ ಇದ್ದ ಹಾಗೇ ಇದೆ.”

ಅವನ ಮಾತು ಎಷ್ಟು ಸರಿಯಿತ್ತೆಂದರೆ, ಪುರಾತತ್ವದವರು ಇದಕ್ಕೆ ಬಳಸುವ ಲ್ಯಾಟಿನ್ ಪದ ‘ಆಗರ್’ ಎಂಬುದರ ಅರ್ಥವೂ ಅದೇ: ಮಣ್ಣುಕಲ್ಲು ಪೇರಿಸಿದ ಏರಿ. ಎರಡೂ ಬದಿಯಲ್ಲಿ ಇಳಿಜಾರು, ನಡುವೆ ಸಣ್ಣಗೆ ಉಬ್ಬಿದ ಬೆನ್ನು, ಅದರ ಮೇಲೆ ಹಸಿರು ಹೊದಿಕೆ. ಕೆಲವು ಕಡೆ ಆಳುದ್ದದ ಹತ್ತಿರ, ಕೆಲವು ಕಡೆ ಮೊಣಕಾಲಿನಷ್ಟು ಎತ್ತರ. ಏರಿಯಿಂದ ಕೆಳಗಿಳಿದು ಆಚೆ ನಡೆದರೆ ಹುಲ್ಲಿನಲ್ಲಿ ಮುಚ್ಚಿಹೋದ ತೆಳುವಾದ ಅಗಳೊಂದು ಕಾಲಿಗೆ ಸಿಗುತ್ತದೆ. ಇನ್ನೊಂದು ಬದಿಯಲ್ಲೂ ಅಂಥದ್ದೇ ಒಂದು. ಈ ಎರಡು ಅಗಳುಗಳ ನಡುವಿನ ಅಗಲ ಇಪ್ಪತ್ತೈದು ಮೀಟರಿನಷ್ಟು. ನಡೆಯುವ, ಗಾಡಿ ಹೊಡೆಯುವ ಭಾಗ ಅದರಲ್ಲಿ ಮೂರನೇ ಒಂದು ಪಾಲು ಮಾತ್ರ. ಉಳಿದದ್ದು ರಸ್ತೆಗೆಂದೇ ಬಿಡಿಸಿಟ್ಟ ಬಯಲು.

ಏರಿಯ ಪಕ್ಕಕ್ಕೆ ಒಂದು ಮೊಲ ಬಿಲ ತೋಡಿತ್ತು. ಅದು ಹೊರಗೆ ಎಸೆದ ಮಣ್ಣಿನಲ್ಲಿ ಈ ರಸ್ತೆಯ ಹೊಟ್ಟೆಯಲ್ಲಿ ಏನಿದೆ ಎಂಬುದೆಲ್ಲ ಬಿದ್ದಿತ್ತು: ಸೀಮೆಸುಣ್ಣದ ಬಿಳಿ ಪುಡಿ, ಗರಸು, ಮುಷ್ಟಿ ಗಾತ್ರದ ಚಕಮಕಿ ಕಲ್ಲುಗಳು. ಚಕಮಕಿ ಹೊರಗೆ ಮೂಳೆಯ ಹಾಗೆ ಬೆಳ್ಳಗಿರುತ್ತದೆ, ಒಡೆದರೆ ಒಳಗೆ ಗಾಜಿನಂತೆ ಕಪ್ಪು. ಒಂದನ್ನು ಎತ್ತಿಕೊಂಡ ಹುಡುಗ ಅಂಗೈಯಲ್ಲಿ ಹೊರಳಿಸಿ ನೋಡಿ, ಇದ್ದ ಜಾಗದಲ್ಲೇ ಇಟ್ಟ. ಇದು ಕಾನೂನಿನ ರಕ್ಷಣೆಯಿರುವ ಸ್ಮಾರಕ, ಒಂದು ಕಲ್ಲನ್ನೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ.

ಇಂಗ್ಲೆಂಡಿನ ದಕ್ಷಿಣದ ಸಸೆಕ್ಸ್ ಸೀಮೆಯಲ್ಲಿರುವ ಈ ದಾರಿಯ ಹೆಸರು ಸ್ಟೇನ್ ಸ್ಟ್ರೀಟ್. ಕಲ್ಲಿನ ಬೀದಿ ಎಂದರ್ಥ. ರೋಮನ್ನರು ಏನೆಂದು ಕರೆದರೋ ಆ ಹೆಸರು ಉಳಿದಿಲ್ಲ. ಅವರು ಹೋದ ನಂತರ ಬಂದ ಸ್ಯಾಕ್ಸನ್ ಜನ ಮಣ್ಣಿನ ನಾಡಿನಲ್ಲಿ ಕಲ್ಲು ಹಾಸಿದ ದಾರಿ ಕಂಡು, ಕಂಡದ್ದನ್ನೇ ಹೆಸರಾಗಿಟ್ಟರು. ‘ಸ್ಟ್ರೀಟ್’ ಎಂಬ ಮಾತೂ ಲ್ಯಾಟಿನ್ನಿನ ‘ಸ್ಟ್ರಾಟಾ’ದಿಂದ, ಅಂದರೆ ‘ಹಾಸಿದ್ದು’ ಎಂಬುದರಿಂದ ಬಂದದ್ದು. ಇಂಗ್ಲೆಂಡಿನ ನಕ್ಷೆಯಲ್ಲಿ ಸ್ಟ್ರೆಟ್‌ಫರ್ಡ್, ಸ್ಟ್ರಾಟನ್, ಸ್ಟ್ರೆಥಮ್ ಎಂಬ ಊರುಗಳು ಕಂಡರೆ ಹತ್ತಿರದಲ್ಲಿ ರೋಮನ್ ರಸ್ತೆ ಇದ್ದಿರಬಹುದು ಎಂದು ಹುಡುಕುವವರು ಕಿವಿ ನಿಮಿರಿಸುತ್ತಾರೆ.

ಕ್ರಿ.ಶ. 43ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಸೈನ್ಯ ಬ್ರಿಟನ್ನಿನ ಮೇಲೆ ದಂಡೆತ್ತಿ ಬಂತು. ಚಿಚೆಸ್ಟರ್ ಸುತ್ತಣ ಜನರ ಅರಸ ಟೋಗಿಡುಬ್ನಸ್ ರೋಮನ್ನರ ಸಾಮಂತನಾಗಿ ಉಳಿದ. ಇತಿಹಾಸಕಾರ ಟ್ಯಾಸಿಟಸ್ ಅವನ ನಿಷ್ಠೆಯನ್ನು ಹೇಳಿದ್ದಾನೆ. 1723ರಲ್ಲಿ ಚಿಚೆಸ್ಟರಿನಲ್ಲಿ ಸಿಕ್ಕ ಶಿಲಾಶಾಸನದಲ್ಲಿಯೂ ಅವನ ಹೆಸರಿದೆ. ಊರ ಪಕ್ಕದ ಫಿಶ್‌ಬೋರ್ನ್‌ನಲ್ಲಿ 1960ರಲ್ಲಿ ನೀರಿನ ಕೊಳವೆ ಹೂಳಲು ತೋಡಿದಾಗ ದೊಡ್ಡ ಅರಮನೆಯೊಂದರ ತಳಪಾಯವೇ ಹೊರಬಿತ್ತು. ಹೀಗೆ ಸಮುದ್ರದ ಬದಿಯ ಒಂದು ಮುಖ್ಯ ಪಟ್ಟಣವನ್ನು ಥೇಮ್ಸ್ ದಡದಲ್ಲಿ ಬೆಳೆಯುತ್ತಿದ್ದ ಲಂಡನ್ನಿಗೆ ಕಟ್ಟಿಹಾಕಲು ಮೊದಲ ಶತಮಾನದಲ್ಲೇ ಹಾಕಿದ ರಸ್ತೆ ಇದು. ಉದ್ದ ಸುಮಾರು 90 ಕಿಲೋಮೀಟರ್.

ರೋಮನ್ ರಸ್ತೆಗಳ ನೇರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಸ್ಟೇನ್ ಸ್ಟ್ರೀಟಿನಲ್ಲಿ ನನಗೆ ಅದಕ್ಕಿಂತ ಹಿಡಿಸಿದ್ದು ಆ ನೇರವನ್ನು ಬಿಟ್ಟುಕೊಟ್ಟ ರೀತಿ. ಲಂಡನ್ ಸೇತುವೆಯಿಂದ ಯೂವೆಲ್ ಎಂಬ ಊರಿನತನಕದ ಮೊದಲ ತುಂಡಿಗೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಮುಂದುವರಿಸಿದರೆ ಅದು ಚಿಚೆಸ್ಟರಿನ ಪೂರ್ವ ಬಾಗಿಲಿನ ಕಡೆಗೇ ಹೋಗುತ್ತದೆ. ಕಾಡು, ಕೆಸರು, ಎರಡು ಗುಡ್ಡದ ಸಾಲುಗಳ ಆಚೆಗಿರುವ ಊರು ಯಾವ ದಿಕ್ಕಿನಲ್ಲಿದೆ ಎಂದು ನಕ್ಷೆಯಿಲ್ಲದ ಕಾಲದಲ್ಲಿ ಅವರಿಗೆ ಖಚಿತವಾಗಿ ಗೊತ್ತಿತ್ತು. ಆದರೆ ಆ ಗೆರೆಯನ್ನೇ ಹಿಡಿದಿದ್ದರೆ ಸುಮಾರು 294 ಮೀಟರ್ ಎತ್ತರದ ಲೀತ್ ಹಿಲ್ ಕಡೆಯ ಕಡಿದಾದ ಏರುಗಳು ಎದುರಾಗುತ್ತಿದ್ದವು. ಹಾಗಾಗಿ ಯೂವೆಲ್ ಬಳಿ ದಾರಿ ಹೊರಳಿ, ಮೋಲ್ ಎಂಬ ಹೊಳೆ ಗುಡ್ಡ ಸೀಳಿಕೊಂಡು ಹರಿಯುವ ಕಣಿವೆಗೆ ಇಳಿಯುತ್ತದೆ. ಮುಂದೆ ಪಲ್‌ಬರೋ ಬಳಿ ಇನ್ನೊಮ್ಮೆ ಹೊರಳಿ ಬಿಗ್ನರ್ ಗುಡ್ಡಕ್ಕೆ ಮುಖ ಮಾಡುತ್ತದೆ. ಗುಡ್ಡದ ಉತ್ತರದ ಮುಖ ಗೋಡೆಯಂತೆ ಕಡಿದು. ಅಲ್ಲಿ ನೇರ ಹತ್ತುವ ಹಟ ಮಾಡದೆ ಇಳಿಜಾರನ್ನು ಓರೆಯಾಗಿ ಕೊರೆದು ಗಾಡಿ ಹತ್ತುವ ದಾರಿ ಮಾಡಿದ್ದಾರೆ. ನೆತ್ತಿ ತಲುಪಿದ ಮೇಲೆ ಮತ್ತೆ ಐದಾರು ಕಿಲೋಮೀಟರ್ ಹಗ್ಗ ಎಳೆದು ಕಟ್ಟಿದ ಹಾಗೆ. ಹವೆ ತಿಳಿಯಾಗಿದ್ದರೆ ಮೇಲಿನಿಂದ ಚಿಚೆಸ್ಟರ್ ಕೆಥೆಡ್ರಲಿನ ಚೂಪು ಗೋಪುರವೂ ಅದರಾಚೆ ಕಡಲೂ ಕಾಣುತ್ತವೆ.

ಈ ಅಳತೆಗೆ ಅವರ ಕೈಯಲ್ಲಿದ್ದದ್ದು ‘ಗ್ರೋಮಾ’ ಎಂಬ ಸರಳ ಸಾಧನ. ಒಂದು ಕೋಲು, ಅದರ ತಲೆಯ ಮೇಲೆ ಅಡ್ಡಡ್ಡ ಇಟ್ಟ ಶಿಲುಬೆ, ಶಿಲುಬೆಯ ನಾಲ್ಕು ತುದಿಗಳಿಂದ ಇಳಿಬಿಟ್ಟ ನಾಲ್ಕು ತೂಗುಗುಂಡು. ನಮ್ಮ ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡುವ ಗುಂಡೇ ಅದು. ಎದುರುಬದುರಿನ ಎರಡು ದಾರಗಳು ಒಂದರ ಹಿಂದೊಂದು ಮರೆಯಾಗುವಂತೆ ಕಣ್ಣಿಟ್ಟು, ಆ ನೋಟಕ್ಕೆ ಸಿಕ್ಕುವ ಕಡೆ ಗೂಟ ನೆಡಿಸುವುದು. ಎತ್ತರದ ಜಾಗದಿಂದ ಎತ್ತರದ ಜಾಗಕ್ಕೆ ಹೀಗೆ ಗುರುತು ಹಾಯಿಸಿದ್ದರಿಂದಲೇ ರೋಮನ್ ರಸ್ತೆಗಳು ಹೆಚ್ಚಾಗಿ ಗುಡ್ಡದ ತಲೆಯ ಮೇಲೆ ದಿಕ್ಕು ಬದಲಿಸುತ್ತವೆ. ಇಂಥದೊಂದು ಗ್ರೋಮಾದ ಲೋಹದ ಭಾಗಗಳು 1912ರಲ್ಲಿ ಪಾಂಪೆಯ ಅಂಗಡಿಯೊಂದರಲ್ಲಿ ದೊರೆತಿವೆ.

ಚಪ್ಪಡಿಯ ವಿಷಯಕ್ಕೆ ಬರುತ್ತೇನೆ. ರೋಮನ್ ರಸ್ತೆ ಎಂದರೆ ನಾಲ್ಕು ಪದರ, ಪ್ರತಿಯೊಂದಕ್ಕೂ ಒಂದು ಲ್ಯಾಟಿನ್ ಹೆಸರು, ಮೇಲೆ ಚಪ್ಪಡಿ ಎಂದು ನಾವೆಲ್ಲ ಓದಿದ್ದೇವೆ. ಇದರ ಮೂಲ ಹುಡುಕಿದರೆ ಸಿಗುವುದು 1622ರಲ್ಲಿ ಫ್ರಾನ್ಸಿನ ನಿಕೊಲಾ ಬೆರ್ಜಿಯೆ ಎಂಬ ವಕೀಲ ಬರೆದ ಗ್ರಂಥ. ರಸ್ತೆ ಹೇಗೆ ಕಟ್ಟಬೇಕೆಂಬ ರೋಮನ್ ಕೈಪಿಡಿ ಅವನಿಗೆ ಸಿಕ್ಕಿರಲಿಲ್ಲ. ವಾಸ್ತುಶಿಲ್ಪಿ ವಿಟ್ರುವಿಯಸ್ ಮನೆಯ ನೆಲಗಾರೆ ಹಾಕುವುದನ್ನು ವಿವರಿಸಿದ ಭಾಗವನ್ನು ತೆಗೆದುಕೊಂಡು ಆತ ರಸ್ತೆಗೆ ಹೊಂದಿಸಿದ. ಶಾಲಾಪುಸ್ತಕಗಳು ಅದನ್ನೇ ಮುನ್ನೂರು ನಾನೂರು ವರ್ಷ ಹೇಳಿಕೊಂಡು ಬಂದವು. ಸನಿಕೆ ಹಿಡಿದು ತೋಡಿ ನೋಡಿದವರಿಗೆ ಸಿಕ್ಕಿದ್ದೇ ಬೇರೆ. ಇಟಲಿಯಲ್ಲಿ ಜ್ವಾಲಾಮುಖಿಯ ಕರಿಕಲ್ಲು ಹತ್ತಿರ ಸಿಗುತ್ತಿತ್ತು, ರೋಮಿನ ಬಳಿ ಆಪ್ಪಿಯನ್ ರಸ್ತೆಗೆ ಅದನ್ನೇ ಹಾಸಿದರು. ಸಸೆಕ್ಸ್ ಗುಡ್ಡಗಳಲ್ಲಿ ಸಿಗುವುದು ಸೀಮೆಸುಣ್ಣ ಮತ್ತು ಚಕಮಕಿ, ಇಲ್ಲಿ ಅವನ್ನೇ ಬಡಿದು ಕೂರಿಸಿದರು. ಇಲ್ಲಿಂದ ಪೂರ್ವಕ್ಕಿರುವ ಲಂಡನ್–ಲೂಯಿಸ್ ರೋಮನ್ ರಸ್ತೆಯ ಸುತ್ತ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು, ಅಲ್ಲಿ ರಾಶಿ ಬೀಳುತ್ತಿದ್ದ ಕಿಟ್ಟವನ್ನು ತಂದು ರಸ್ತೆಗೆ ಸುರಿದರು. ಕಿಟ್ಟ ಮಳೆಗೆ ತುಕ್ಕು ಹಿಡಿದು ಒಂದಕ್ಕೊಂದು ಬೆಸೆದು ಇಡೀ ರಸ್ತೆ ಕಬ್ಬಿಣದ ಹಾಳೆಯಂತಾಯಿತು. ಐವನ್ ಮಾರ್ಗರಿ ಎಂಬ ವಿದ್ವಾಂಸ 1939ರಲ್ಲಿ ಹೋಲ್ಟಿಯಲ್ಲಿ ಆ ರಸ್ತೆಯ ಒಂದು ತುಂಡನ್ನು ತೋಡಿ ತೆಗೆದಾಗ ಗಾಡಿ ಗಾಲಿಯ ಜಾಡು ಅದರಲ್ಲಿ ಹಾಗೇ ಇತ್ತು. ಎಲ್ಲ ಕಡೆಗೂ ಒಂದೇ ನಿಯಮ ಹೇರದೆ, ಆಯಾ ನೆಲ ಕೊಟ್ಟಿದ್ದರಲ್ಲಿ ಕೆಲಸ ಮಾಡಿದ ಆ ಎಂಜಿನಿಯರುಗಳ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಮೊಲದ ಬಿಲದ ಮುಂದೆ ಕುಳಿತಾಗ.

ಇಡೀ ಸ್ಟೇನ್ ಸ್ಟ್ರೀಟ್ ಹೀಗೆ ಏರಿಯಾಗಿ ಉಳಿದಿಲ್ಲ. ಅದರ ಬೇರೆ ಬೇರೆ ತುಂಡುಗಳ ಪಾಡು ಬೇರೆ ಬೇರೆ. ಲಂಡನ್ನಿನಲ್ಲಿ ಅದು ಎ-24 ರಸ್ತೆಯ ಡಾಂಬರಿನ ಕೆಳಗಿದೆ. ಕ್ಲಾಪಮ್, ಬ್ಯಾಲಮ್, ಟೂಟಿಂಗ್, ಕಾಲಿಯರ್ಸ್ ವುಡ್ ಹೀಗೆ ನಾರ್ದರ್ನ್ ಲೈನ್ ಮೆಟ್ರೋ ನಿಲ್ದಾಣಗಳು ಸಾಲಾಗಿ ಒಂದೇ ಗೆರೆಯಲ್ಲಿ ಬರುತ್ತವಲ್ಲ, ಆ ಗೆರೆ ಎಳೆದವರು ರೋಮನ್ನರು. ಟೂಟಿಂಗ್‌ನ ಮುಖ್ಯ ಬೀದಿಯಲ್ಲಿ ದೋಸೆ ತಿಂದು ಹೊರಬಂದ ಕನ್ನಡಿಗರೆಲ್ಲ ತಿಳಿಯದೆಯೇ ಸ್ಟೇನ್ ಸ್ಟ್ರೀಟಿನಲ್ಲಿ ನಡೆದವರೇ.

ಹಳ್ಳಿಗಾಡಿಗೆ ಬಂದರೆ ಬಿಲ್ಲಿಂಗ್ಸ್‌ಹರ್ಸ್ಟ್ ಸುತ್ತ ಎ-29 ಹೆದ್ದಾರಿ ಅದರ ಮೇಲೇ ಓಡುತ್ತದೆ. ದಾರಿಯುದ್ದಕ್ಕೂ ಸರ್ಕಾರಿ ಕೆಲಸದ ಮೇಲೆ ಹೋಗುವವರಿಗೆ ಕುದುರೆ ಬದಲಿಸಲು, ರಾತ್ರಿ ತಂಗಲು ‘ಮ್ಯಾನ್ಸಿಯೋ’ ಎಂಬ ಕಟ್ಟಡಗಳಿದ್ದವು. ನಮ್ಮ ಕಡೆಯ ಐಬಿ ಇದ್ದಂತೆ, ಪರವಾನಗಿ ಇದ್ದವರಿಗೆ ಮಾತ್ರ ಜಾಗ. ಅವುಗಳಲ್ಲೊಂದು ಆರನ್ ಹೊಳೆಯ ದಡದ ಆಲ್ಫೋಲ್ಡೀನ್‌ನಲ್ಲಿತ್ತು. ಇಂದು ಹೆದ್ದಾರಿ ಅದರ ನಡುವೆಯೇ ಹಾದುಹೋಗಿದೆ. ಇನ್ನೊಂದು ಹಾರ್ಡಮ್‌ನಲ್ಲಿತ್ತು, ಅದನ್ನು ಸೀಳಿಕೊಂಡು ರೈಲುಹಳಿ ಹಾಕಿದರು. ಆ ರೈಲು ಮಾರ್ಗವನ್ನೂ ಮುಚ್ಚಿ ಎಷ್ಟೋ ವರ್ಷಗಳಾದವು.

ಚಿಚೆಸ್ಟರ್ ಹತ್ತಿರದ ಹಾಲ್‌ನೇಕರ್‌ನಲ್ಲಿ ದಾರಿಯ ರೂಪ ಮತ್ತೊಂದು. ಅಲ್ಲಿ ಶತಮಾನಗಳ ಕಾಲ ಜನ, ದನ, ಗಾಡಿ ಓಡಾಡಿ ಮೆದು ನೆಲ ಸವೆದು ದಾರಿ ತೋಡಿನಂತೆ ತಗ್ಗಾಗಿದೆ. ಎರಡೂ ಬದಿಯ ಮರಗಳು ಮೇಲೆ ಕೈಕೈ ಹಿಡಿದು ಗುಂಡನೆಯ ಸುರಂಗವಾಗಿವೆ. ಮದುವೆಯ ಫೋಟೋ ತೆಗೆಸಿಕೊಳ್ಳಲು ಹೇಳಿ ಮಾಡಿಸಿದಂಥ ಜಾಗ. ಅಲ್ಲಿ ಏರಿ ಹುಡುಕಿದರೆ ಸಿಗದು, ನಡೆದೂ ನಡೆದೂ ರಸ್ತೆ ಕೆಳಗಿಳಿದಿದೆ.

ಇದೆಲ್ಲವನ್ನೂ ಒಂದೇ ದಿನದಲ್ಲಿ ನೋಡಿದ ಮೇಲೆ ನನ್ನ ಮನಸ್ಸಿನಲ್ಲಿ ನಿಂತ ವಿಷಯ ಇದು: ಜನ ಬಳಸುತ್ತಲೇ ಬಂದ ಕಡೆ ರೋಮನ್ ರಸ್ತೆ ಕಣ್ಣಿಗೆ ಕಾಣುವುದಿಲ್ಲ. ಡಾಂಬರಿನಡಿಯಲ್ಲಿ ಹೂತಿದೆ, ಇಲ್ಲವೇ ಸವೆದು ಹೋಗಿದೆ. ಜನ ಕೈಬಿಟ್ಟ ಕಡೆ, ನಾವು ನಡೆದ ಗಂಬರ್ ಎಂಬ ಬಯಲಿನ ಹುಲ್ಲುಗಾವಲಿನಲ್ಲಿ, ಅದು ಕಟ್ಟಿದವರು ಬಿಟ್ಟುಹೋದ ಆಕಾರದಲ್ಲೇ ಮಲಗಿದೆ. ನೇಗಿಲು ಬಿದ್ದಿದ್ದರೆ ಏರಿ ನೂರಿನ್ನೂರು ವರ್ಷದಲ್ಲಿ ಸಪಾಟಾಗುತ್ತಿತ್ತು. ಕುರಿ ಮೇಯುವ ಕಡೆ ನೇಗಿಲಿಗೆ ಕೆಲಸವಿಲ್ಲ. ಅವುಗಳ ಸಣ್ಣ ಗೊರಸು ಹುಲ್ಲಿನ ಬೇರನ್ನು ಬಿಗಿಗೊಳಿಸುತ್ತದೆ, ಬಾಯಿ ಪೊದೆ ಬೆಳೆಯದಂತೆ ನೋಡಿಕೊಳ್ಳುತ್ತದೆ.

ಜನ ಏಕೆ ಕೈಬಿಟ್ಟರು? ಈ ಪ್ರಶ್ನೆಗೆ ಗುಡ್ಡದ ಮೇಲೆ ನಿಂತು ಸುತ್ತ ನೋಡಿದರೆ ಸಾಕು. ಬಿಗ್ನರ್, ಈರ್ಥಮ್, ಸ್ಲಿಂಡನ್ ಎಂಬ ಹಳ್ಳಿಗಳೆಲ್ಲ ಗುಡ್ಡದ ಬುಡದಲ್ಲಿ, ನೀರಿರುವ ಕಡೆ ಇವೆ. ರೋಮನ್ ರಸ್ತೆ ಅವುಗಳ ತಲೆಯ ಮೇಲಿಂದ ಹೋಗುತ್ತದೆ. ಅದು ಊರಿಗೆ ಬರುವ ದಾರಿ ಆಗಿರಲಿಲ್ಲ. ಊರನ್ನು ದಾಟಿ ಹೋಗುವ ದಾರಿಯಾಗಿತ್ತು. ದಂಡಿಗೆ, ಅಧಿಕಾರಿಗೆ, ಸುಂಕಕ್ಕೆ, ಸರಕಿಗೆ ಎರಡು ಪಟ್ಟಣಗಳ ನಡುವೆ ಬೇಗ ಹೋಗಬೇಕಿತ್ತು, ಹೋಗುತ್ತಿದ್ದರು. ಐದನೇ ಶತಮಾನದ ಆರಂಭದಲ್ಲಿ ರೋಮಿನ ಆಡಳಿತ ಬ್ರಿಟನ್ನನ್ನು ಬಿಟ್ಟ ಮೇಲೆ ಇಷ್ಟು ಉದ್ದ ಪಯಣಿಸುವ ಕಾರಣವೇ ಇಲ್ಲವಾಯಿತು. ಪಕ್ಕದೂರಿನ ಗಿರಣಿಗೆ, ಸಂತೆಗೆ, ಚರ್ಚಿಗೆ ಹೋಗುವ ರೈತನಿಗೆ ಕಡಿದಾದ ಗುಡ್ಡ ಹತ್ತಿಳಿಯುವ ನೇರ ರಸ್ತೆಯಿಂದ ಏನಾಗಬೇಕು? ಅವನು ಹೊಳೆ ಬಳಸಿ, ಹೊಲದ ಬದು ಹಿಡಿದು ತನ್ನ ಹಾದಿ ತಾನು ಮಾಡಿಕೊಂಡ. ಸೇತುವೆಗಳ ಮರದ ಕಂಬ ಕೊಳೆತು ಬಿದ್ದಾಗ ಮತ್ತೆ ನಿಲ್ಲಿಸುವವರು ಇರಲಿಲ್ಲ. ಎಲ್ಲಿ ರೋಮನ್ ಗೆರೆಯೂ ಊರವರ ಹಾದಿಯೂ ಒಂದೇ ಆಗಿದ್ದವೋ ಅಲ್ಲಿ ಮಾತ್ರ ಅದು ಬಳಕೆಯಲ್ಲಿ ಉಳಿಯಿತು.

ರಸ್ತೆಯಾಗಿ ಸತ್ತರೂ ಗಡಿಯಾಗಿ ಅದು ಬದುಕಿದ್ದುಂಟು. ಊರು ಊರಿನ ನಡುವೆ ಎಲ್ಲೆ ಹಾಕುವಾಗ ಹೊಲದಲ್ಲಿ ಎದ್ದು ಕಾಣುವ ಇಂಥ ಏರಿಗಿಂತ ಒಳ್ಳೆಯ ಗುರುತು ಬೇರೆ ಯಾವುದಿದೆ? ಲಂಡನ್ನಿನಿಂದ ವಾಯವ್ಯಕ್ಕೆ ಹೋಗುವ ವಾಟ್ಲಿಂಗ್ ಸ್ಟ್ರೀಟ್ ಎಂಬ ರೋಮನ್ ರಸ್ತೆ ಒಂಬತ್ತನೇ ಶತಮಾನದಲ್ಲಿ ಆಲ್ಫ್ರೆಡ್ ಅರಸನಿಗೂ ಡೇನ್ ಜನರಿಗೂ ಆದ ಒಪ್ಪಂದದಲ್ಲಿ ಗಡಿಗೆರೆಯಾಗಿತ್ತು. ಇವತ್ತಿಗೂ ವಾರಿಕ್‌ಶೈರ್ ಮತ್ತು ಲೆಸ್ಟರ್‌ಶೈರ್ ಜಿಲ್ಲೆಗಳ ನಡುವಿನ ಎಲ್ಲೆ ಅದೇ. ಹಾಗಾಗಿ ಕಳೆದುಹೋದ ರಸ್ತೆ ಹುಡುಕುವವರು ಮೊದಲು ಬಿಡಿಸುವುದು ಗಡಿಗಳನ್ನು ಗುರುತಿಸಿದ ಹಳೆಯ ನಕ್ಷೆಗಳನ್ನು. ಅಂಕುಡೊಂಕಾಗಿ ಬರುತ್ತಿದ್ದ ಗಡಿ ಇದ್ದಕ್ಕಿದ್ದಂತೆ ಒಂದೆರಡು ಮೈಲಿ ನೆಟ್ಟಗೆ ನೇರವಾದರೆ ಅಲ್ಲಿ ಏನೋ ಇದೆ. ಆಮೇಲೆ ಬೇಸಿಗೆಗೆ ಕಾಯುತ್ತಾರೆ. ಮಳೆ ಕೈಕೊಟ್ಟ ವರ್ಷ ಗೋಧಿ ಹೊಲದಲ್ಲಿ ಕಲ್ಲಿನ ಹಾಸಿನ ಮೇಲಿನ ಪೈರು ಬೇಗ ಒಣಗಿ ಹಳದಿಯಾಗುತ್ತದೆ, ಹೂತ ಅಗಳಿನ ಮೇಲಿನ ಪೈರು ತೇವ ಸಿಕ್ಕಿ ಹಸಿರಾಗಿ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಹಸಿರು, ಹಳದಿ, ಹಸಿರು ಎಂದು ಪಟ್ಟೆ ಎಳೆದಂತೆ. 2018ರ ಒಣ ಬೇಸಿಗೆಯಲ್ಲಿ ಬ್ರಿಟನ್ನಿನ ಹೊಲಗಳಲ್ಲಿ ಇಂಥ ಗುರುತುಗಳು ಬಹಳಷ್ಟು ಕಂಡವು. ಈಗ ಲೈಡಾರ್ ಬಂದಿದೆ. ವಿಮಾನದಿಂದ ಲೇಸರ್ ಬೆಳಕು ಬಿಟ್ಟು ನೆಲದ ಏರಿಳಿತವನ್ನು ಗೇಣಿನ ಲೆಕ್ಕದಲ್ಲಿ ಅಳೆದು, ಕಂಪ್ಯೂಟರಿನಲ್ಲಿ ಮರಗಿಡಗಳನ್ನು ಕಳಚಿ ಬರೀ ನೆಲ ನೋಡಬಹುದು. ಇಂಗ್ಲೆಂಡಿನಲ್ಲಿ ಪ್ರವಾಹ ತಡೆಗೆಂದು ಸರ್ಕಾರ ಮಾಡಿಸಿದ ಈ ಅಳತೆಯನ್ನು 2015ರಲ್ಲಿ ಎಲ್ಲರಿಗೂ ಮುಕ್ತವಾಗಿಟ್ಟ ಮೇಲೆ ಹವ್ಯಾಸಿಗಳು ಮನೆಯಲ್ಲಿ ಕುಳಿತೇ ರಸ್ತೆ ಹುಡುಕತೊಡಗಿದ್ದಾರೆ.

ಸ್ಟೇನ್ ಸ್ಟ್ರೀಟಿನ ಪುಣ್ಯ, ಲೈಡಾರ್ ಇಲ್ಲದ ಕಾಲದಲ್ಲೂ ಅದನ್ನು ಪ್ರೀತಿಸಿ ನಡೆದವರು ಇದ್ದರು. ಲೇಖಕ ಹಿಲೇರ್ ಬೆಲಾಕ್ 1913ರಲ್ಲಿ ಇದೊಂದೇ ರಸ್ತೆಯ ಮೇಲೆ ಪುಸ್ತಕ ಬರೆದ. ಕ್ಯಾಪ್ಟನ್ ಗ್ರಾಂಟ್ ಎಂಬುವರು 1922ರಲ್ಲಿ ಬೆಲಾಕನ ತಪ್ಪುಗಳನ್ನು ಪರೀಕ್ಷಿಸಲೆಂದೇ ಇನ್ನೊಂದು ಪುಸ್ತಕ ಬರೆದರು. ವಿನ್‌ಬೋಲ್ಟ್ ಎಂಬ ಶಾಲಾ ಮೇಷ್ಟ್ರು ಸನಿಕೆ ಹಿಡಿದು ದಾರಿಯುದ್ದಕ್ಕೂ ತೋಡಿ 1936ರಲ್ಲಿ ಮೂರನೆಯದನ್ನು ಬರೆದರು. ಆಮೇಲೆ ಬಂದ ಮಾರ್ಗರಿ ಬ್ರಿಟನ್ನಿನ ಎಲ್ಲ ರೋಮನ್ ರಸ್ತೆಗಳಿಗೂ ಸಂಖ್ಯೆ ಕೊಟ್ಟರು. ಸ್ಟೇನ್ ಸ್ಟ್ರೀಟ್ ಅವರ ಪಟ್ಟಿಯಲ್ಲಿ 15. ಇಂದಿಗೂ ವಿದ್ವಾಂಸರು ಅದೇ ಸಂಖ್ಯೆ ಬಳಸುತ್ತಾರೆ.

ಗುಡ್ಡದ ಬುಡದ ಬಿಗ್ನರಿನಲ್ಲಿ 1811ರಲ್ಲಿ ಜಾರ್ಜ್ ಟಪ್ಪರ್ ಎಂಬ ರೈತನ ನೇಗಿಲು ಕಲ್ಲಿಗೆ ಬಡಿಯಿತು. ಅದು ನೀರಿನ ತೊಟ್ಟಿಯ ಅಂಚು. ಅದರ ಸುತ್ತ ತೋಡಿದಾಗ ಸಿಕ್ಕಿದ್ದು ಶ್ರೀಮಂತ ರೋಮನ್ ಜಮೀನ್ದಾರರ ಮನೆ. ನೆಲದಲ್ಲಿ ಬಣ್ಣಬಣ್ಣದ ಚೂರುಕಲ್ಲಿನ ಚಿತ್ರಗಳು: ಹದ್ದು ಎತ್ತಿಕೊಂಡು ಹೋಗುವ ಗ್ಯಾನಿಮೀಡ್, ಹಾವಿನ ಕೂದಲಿನ ಮೆಡೂಸಾ, ಗ್ಲ್ಯಾಡಿಯೇಟರ್ ವೇಷ ತೊಟ್ಟ ಪುಟ್ಟ ಕ್ಯೂಪಿಡ್‌ಗಳು. 1814ರಿಂದ ಜನರಿಗೆ ತೆರೆದಿರುವ ಈ ಜಾಗ ಇಂದಿಗೂ ಅದೇ ರೈತ ಕುಟುಂಬದ್ದು. ಆ ಮನೆಯ ಧಾನ್ಯ, ಉಣ್ಣೆ ಹೊರಹೋಗಲು ಗುಡ್ಡದ ಮೇಲಿನ ಈ ರಸ್ತೆ ಕೂಗಳತೆಯಲ್ಲಿತ್ತು.

ಹೊರಹೋಗುವುದರ ಜೊತೆ ಏನೇನು ಒಳಬರುತ್ತಿತ್ತು ಎಂಬುದಕ್ಕೆ ರೋಮನ್ ಬ್ರಿಟನ್ನಿನ ಉತ್ತರ ಗಡಿಯ ವಿಂಡೊಲಾಂಡಾ ಕೋಟೆಯಲ್ಲಿ ಸಾಕ್ಷಿಯಿದೆ. ಅಲ್ಲಿ ಸಿಕ್ಕ ತೆಳು ಮರದ ಹಲಗೆಯೊಂದರ ಮೇಲೆ ಶಾಯಿಯಲ್ಲಿ ಬರೆದ ಸೈನಿಕರ ಲೆಕ್ಕಪಟ್ಟಿಯಿದೆ. ಅದರಲ್ಲಿ ಒಬ್ಬನ ಹೆಸರಿನ ಮುಂದೆ ‘ಪೈಪರ್’, ಬೆಲೆ ಎರಡು ದಿನಾರಿ. ಪೈಪರ್ ಎಂದರೆ ಕಾಳುಮೆಣಸು. ಅಂದು ರೋಮಿಗೆ ಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ. ಸಹ್ಯಾದ್ರಿಯ ಮಳೆಗಾಡಿನಲ್ಲಿ ಬಿಡಿಸಿದ ಕಾಳು ಹಡಗು, ಒಂಟೆ, ದೋಣಿ ಹತ್ತಿ, ಕೊನೆಗೆ ಇಂಥ ಏರಿಯ ಮೇಲೆ ಗಾಡಿಯಲ್ಲಿ ಸಾಗಿ ಚಳಿಗೆ ನಡುಗುವ ಸಿಪಾಯಿಯ ಸಾರಿಗೆ ಬಿತ್ತು. ಹಾಗೆ ಹೋದ ಸರಕಿನ ಹಣ ಇತ್ತ ಬಂತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ನೆಲದಲ್ಲಿ ಸಿಕ್ಕ 163 ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಕ್ಲಾಡಿಯಸನವೂ ಇವೆ. ಬ್ರಿಟನ್ನನ್ನು ಗೆಲ್ಲಲು ದಂಡು ಕಳಿಸಿದ ಅದೇ ಕ್ಲಾಡಿಯಸ್.

ಮಧ್ಯಾಹ್ನ ಏರಿಯ ಮೇಲೆ ಕೂತು ತಂದಿದ್ದ ಚಪಾತಿ ಪಲ್ಯ ತಿಂದೆವು. ಹುಡುಗನಿಗೆ ನಾನೊಂದು ಮಾತು ಹೇಳಿದೆ. ರೋಮನ್ನರು ದೂರ ಅಳೆಯುತ್ತಿದ್ದದ್ದು ಹೆಜ್ಜೆಯಲ್ಲಿ. ಎಡಗಾಲು ಎತ್ತಿ ಮತ್ತೆ ಅದೇ ಕಾಲು ಊರಿದರೆ ಒಂದು ‘ಪಾಸುಸ್’. ಅಂಥ ಸಾವಿರಕ್ಕೆ ‘ಮಿಲ್ಲೆ ಪಾಸುಸ್’, ಇಂದಿನ ಲೆಕ್ಕದಲ್ಲಿ ಒಂದೂವರೆ ಕಿಲೋಮೀಟರಿಗೆ ತುಸು ಕಡಿಮೆ. ಆ ಮಿಲ್ಲೆ ಇಂಗ್ಲಿಷಿನಲ್ಲಿ ಮೈಲ್ ಆಗಿ, ನಮ್ಮಲ್ಲಿ ಮೈಲಿಯಾಯಿತು. ನಮ್ಮೂರ ಬಸ್ ಸ್ಟಾಪಿನ ಮೈಲಿಗಲ್ಲಿನಲ್ಲಿ ಇರುವುದು ರೋಮನ್ ದಂಡಿನ ಸಿಪಾಯಿಗಳ ಆ ಸಾವಿರ ಹೆಜ್ಜೆಯೇ.

“ಹಾಗಾದರೆ ಎಣಿಸೋಣ ಮಾಮ” ಎಂದು ಅವನು ಎದ್ದ. ಗಂಬರ್ ತಿರುವಿನಿಂದ ಎಡಗಾಲಿಗೊಂದರಂತೆ ಎಣಿಸುತ್ತಾ ನಡೆದೆವು. ಮುನ್ನೂರರ ಹೊತ್ತಿಗೆ ಕುರಿಗಳು ದಾರಿಬಿಟ್ಟು ಸರಿದವು. ಆರುನೂರರ ಹತ್ತಿರ ನನಗೆ ಲೆಕ್ಕ ತಪ್ಪಿತು, ಅವನಿಗೆ ತಪ್ಪಲಿಲ್ಲ. ಸಾವಿರ ಎಂದು ಅವನು ಕೂಗಿದಾಗ ಏರಿ ನಮ್ಮ ಮುಂದೆ ಹಾಗೇ ನೆಟ್ಟಗೆ, ಈರ್ಥಮ್ ಕಾಡಿನ ಬೀಚ್ ಮರಗಳ ನೆರಳಿನೊಳಕ್ಕೆ ಇಳಿಯುತ್ತಿತ್ತು.